ಬಿಸಿಲೂರಿನ ಮಣ್ಣುದಾರಿ

ಕೇಳುಗರಿಗೆ ನಮಸ್ಕಾರ.

ಏಪ್ರಿಲ್ ಬಂತೆಂದರೆ ಕಲಬುರಗಿಯಲ್ಲಿ ಮಧ್ಯಾಹ್ನ ರಸ್ತೆ ಮೇಲೆ ನಾಯಿ ಕೂಡ ಕಾಣುವುದಿಲ್ಲ. ಬಿಸಿಲು 42, 43 ಡಿಗ್ರಿ. ಅಂಥ ದಿನಗಳಲ್ಲೇ ನಾನು ಬೈಕಿನ ಚೈನಿಗೆ ಎಣ್ಣೆ ಹಾಕಿ ರೆಡಿ ಮಾಡಿಕೊಳ್ಳುತ್ತೇನೆ. ನಮ್ಮವ್ವ ಪ್ರತಿ ವರ್ಷ ಅದೇ ಮಾತು ಕೇಳುತ್ತಾಳೆ: "ಮಂದಿ ಊಟಿಗೆ ಹೋಗ್ತಾರ, ನೀ ಕೆಂಡದಾಗ ಹೊಂಟಿ. ತಲಿ ನೆಟ್ಟಗ ಅದನೋ ಇಲ್ಲೋ?"

ತಲೆ ನೆಟ್ಟಗೇ ಇದೆ. ಡಾಂಬರು ಬಿಟ್ಟು ಮಣ್ಣುದಾರಿಗೆ ಇಳಿಯಬೇಕೆಂದರೆ ನಮ್ಮ ಕಡೆ ಬೇಸಿಗೆಯೇ ಸರಿಯಾದ ಕಾಲ. ಒಮ್ಮೆ ಮಳೆಗಾಲದಲ್ಲಿ ಸೇಡಂ ಕಡೆ ಒಂದು ಬಂಡಿದಾರಿಗೆ ಇಳಿದಿದ್ದೆ. ನೂರು ಹೆಜ್ಜೆ ಹೋಗಿರಲಿಲ್ಲ, ಎರೆಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಗಿಡಿದುಕೊಂಡು ಚಕ್ರ ತಿರುಗುವುದೇ ನಿಂತಿತು. ಕಡ್ಡಿಯಿಂದ ಕೆರೆಯುವುದು, ಹತ್ತು ಹೆಜ್ಜೆ ಹೋಗುವುದು, ಮತ್ತೆ ಕೆರೆಯುವುದು. ಕೊನೆಗೆ ಒಬ್ಬ ರೈತ ಎತ್ತು ಕಟ್ಟಿ ಎಳೆದರು. ಅದನ್ನು ನೋಡಲು ಅರ್ಧ ಊರು ಬಂದಿತ್ತು.

ಅದೇ ಮಣ್ಣು ಬೇಸಿಗೆಯಲ್ಲಿ ಇಟ್ಟಿಗೆಯಂತೆ ಗಟ್ಟಿ. ಆದರೆ ಬಿರುಕು ಬಿಡುತ್ತದೆ, ಕೈ ಇಳಿಯುವಷ್ಟು ಅಗಲ. ಬಿರುಕಿನ ಗುಂಟ ಹೋದರೆ ಚಕ್ರ ಸಿಕ್ಕಿಬಿತ್ತು ಅಂತಲೇ ತಿಳಿಯಿರಿ. ಅಡ್ಡಲಾಗಿ ದಾಟಬೇಕು. ಅದಕ್ಕಿಂತ ಜಾಸ್ತಿ ಕಾಟ ತೊಗರಿ ಕೂಳೆಯದು. ಓರೆಯಾಗಿ ಕೊಯ್ದ ಮೋಟು ಒಣಗಿ ಮೊಳೆಯಂತೆ ನಿಂತಿರುತ್ತದೆ. ಹೊಲಕ್ಕೆ ಇಳಿದರೆ ಪಂಚರ್ ಗ್ಯಾರಂಟಿ. ರೈತ ಬೈಯುವುದು ಬೇರೆ.

ನನ್ನದು ಹೀರೋ ಎಕ್ಸ್‌ಪಲ್ಸ್, ಮಣ್ಣುದಾರಿಗೂ ಆಗುವಂಥ ಬೈಕ್. ಮುಂದಿನ ಚಕ್ರ 21 ಇಂಚು, ನೆಲದಿಂದ ಎತ್ತರ 220 ಮಿಲಿಮೀಟರ್. ದೊಡ್ಡ ಚಕ್ರ ತಗ್ಗು, ಕಲ್ಲು ಸುಲಭವಾಗಿ ದಾಟುತ್ತದೆ ಎಂದು ನಾನು ಎಲ್ಲರಿಗೂ ವಿವರಿಸುತ್ತೇನೆ. ಅಷ್ಟರಲ್ಲಿ ಹಳ್ಳಿಯ ಹುಡುಗನೊಬ್ಬ ಹಳೇ ಸ್ಪ್ಲೆಂಡರಿಗೆ ಎರಡು ಹಾಲಿನ ಕ್ಯಾನ್ ಕಟ್ಟಿಕೊಂಡು, ಚಪ್ಪಲಿ ಕಾಲಲ್ಲಿ, ನನ್ನನ್ನು ದಾಟಿ ಹೋಗಿರುತ್ತಾನೆ.

ಗುಡ್ಡ, ಕಾಡು ಎಂದರೆ ನಮಗೆ ಚಿಂಚೋಳಿ. ಕಲಬುರಗಿ ಜಿಲ್ಲೆಯಲ್ಲಿ ಕಾಡಿದೆ ಎಂದರೆ ಬೆಂಗಳೂರಿನ ಗೆಳೆಯರು ನಗುತ್ತಾರೆ. 2011ರಲ್ಲಿ ವನ್ಯಜೀವಿಧಾಮ ಎಂದು ಘೋಷಿಸಿದ ಕಾಡು ಅದು, 134 ಚದರ ಕಿಲೋಮೀಟರಿನಷ್ಟಿದೆ. ನಸುಕಿನ ನಾಲ್ಕೂವರೆಗೆ ಮನೆ ಬಿಟ್ಟರೆ ಬಿಸಿಲು ಏರುವ ಮೊದಲೇ ಚಂದ್ರಂಪಳ್ಳಿ ಕೆರೆ ಹತ್ತಿರ ಇರಬಹುದು. ಅಲ್ಲಿ ನೆಲ ಕೆಂಪು. ಜಂಬಿಟ್ಟಿಗೆ ಸವೆದು ಗೋಲಿಯಂಥ ಹರಳು ದಾರಿ ತುಂಬಾ ಹರಡಿರುತ್ತವೆ. ಇಳಿಜಾರಿನಲ್ಲಿ ಹೆದರಿ ಮುಂದಿನ ಬ್ರೇಕ್ ಗಟ್ಟಿ ಹಿಡಿದಿರೋ, ಬಿದ್ದಿರಿ. ಸೀಟಿನಿಂದ ಎದ್ದು ನಿಲ್ಲಬೇಕು. ಭಾರ ಪಾದಗಳ ಮೇಲೆ ಬಿಟ್ಟು ಕೈ ಸಡಿಲ ಹಿಡಿಯಬೇಕು. ಕೆಳಗೆ ಬೈಕ್ ಎಷ್ಟಾದರೂ ಅಲುಗಾಡಲಿ, ಅದರ ಪಾಡಿಗೆ ಬಿಡಿ.

ಆದರೆ ಅಲ್ಲಿ ದಾರಿ ಬಿಟ್ಟು ಕಾಡೊಳಗೆ ನುಗ್ಗುವಂತಿಲ್ಲ. 1972ರ ವನ್ಯಜೀವಿ ಕಾಯ್ದೆ ಅದಕ್ಕೆ ಬಿಡುವುದಿಲ್ಲ. ಒಳಗೆ ಹೋಗಬೇಕೆಂದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಕಾಯ್ದೆ ಹಾಗಿರಲಿ, ಬೇಸಿಗೆಯಲ್ಲಿ ಪ್ರಾಣಿಗಳು ಉಳಿದ ಸ್ವಲ್ಪ ನೀರಿಗೆ ಬರುವ ಹೊತ್ತಲ್ಲಿ ನಾವು ಗುರ್ ಅನಿಸಿಕೊಂಡು ಹೋಗಿ ನಿಂತರೆ ಅವು ಎಲ್ಲಿಗೆ ಹೋಗಬೇಕು? ಇನ್ನೊಂದು, ಕಾದ ಸೈಲೆನ್ಸರ್ ಒಣಹುಲ್ಲಿಗೆ ತಾಗಿದರೆ ಬೆಂಕಿ ಹತ್ತುತ್ತದೆ. ಬೈಕ್ ಹುಲ್ಲಿನ ಮೇಲೆ ನಿಲ್ಲಿಸಿ ಫೋಟೋ ತೆಗೆಯುವವರನ್ನು ಕಂಡರೆ ನನಗೆ ತಡೆಯುವುದಿಲ್ಲ, ಬೈದೇ ಬಿಡುತ್ತೇನೆ.

ನನಗೆ ಹೆಚ್ಚು ಇಷ್ಟ ಮಾತ್ರ ಶಹಾಬಾದ್, ವಾಡಿ, ಚಿತ್ತಾಪುರ ಕಡೆಯ ಹಳೇ ಕಲ್ಲು ಖಣಿಗಳು. ಶಹಾಬಾದ್ ಫರ್ಸಿ ಗೊತ್ತಲ್ವಾ? ಕೋಟಿಗಟ್ಟಲೆ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತ ಸುಣ್ಣದ ಕಲ್ಲು ಅದು. ಪದರದ ನಡುವೆ ಹಾರೆ ತೂರಿಸಿ ಮೀಟಿದರೆ ರೊಟ್ಟಿಯಂತೆ ಚಪ್ಪಟೆಯಾಗಿ ಏಳುತ್ತದೆ. ಒಳ್ಳೆಯದನ್ನು ಲಾರಿಗೆ ಹೇರಿ ಕಳಿಸಿದ ಮೇಲೆ ಉಳಿದ ಚೂರು ಅಲ್ಲೇ ಗುಡ್ಡೆ ಬೀಳುತ್ತದೆ. ಕೆಲಸ ನಿಂತ ಖಣಿಗಳಲ್ಲಿ ಆ ಗುಡ್ಡೆಗಳ ಮೇಲೆ ಜಾಲಿ ಬೆಳೆದಿದೆ. ತಳದಲ್ಲಿ ಹಸಿರು ನೀರು. ಸುತ್ತ ಮೆಟ್ಟಿಲು ಕಡಿದಂಥ ಗೋಡೆ. ಅಂಚಿಗೆ ಬೇಲಿಯೂ ಇಲ್ಲ, ಬೋರ್ಡೂ ಇಲ್ಲ.

ಅಲ್ಲಿ ಹವಾದ್ದೇ ಒಂದು ತಲೆನೋವು. ಸಡಿಲ ಮಣ್ಣಿಗೆ ಟೈರಿನ ಹವಾ ಸ್ವಲ್ಪ ಇಳಿಸಿದರೆ ಹಿಡಿತ ಚೆನ್ನಾಗಿ ಸಿಗುತ್ತದೆ. ಆದರೆ ಫರ್ಸಿ ಚೂರಿನ ಅಂಚು ಕತ್ತಿ ಇದ್ದಂತೆ. ಹವಾ ಕಡಿಮೆ ಇದ್ದರೆ ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬ್ ಸಿಕ್ಕು ಎರಡು ಕಡೆ ಸೀಳುತ್ತದೆ. ಹಾಗಾಗಿ ನಾನು ಕಾಡಿನ ದಾರಿಗೆ ಇಳಿಸಿದ ಹವಾ ಇಲ್ಲಿಗೆ ಬರುವ ಮೊದಲು ಮತ್ತೆ ಹೊಡೆಯುತ್ತೇನೆ. ಬೆನ್ನಿನ ಚೀಲದಲ್ಲಿ ಕೈಪಂಪು ಇದ್ದೇ ಇರುತ್ತದೆ, ಜೊತೆಗೆ ಮೂರು ಲೀಟರ್ ನೀರು.

ಹೋದ ಬೇಸಿಗೆಯಲ್ಲಿ ಅಂಥದ್ದೊಂದು ಗುಡ್ಡೆ ಹತ್ತುವಾಗ ಚೂರುಗಳು ತಟ್ಟೆ ಜಾರಿದಂತೆ ಜಾರಿದವು. ನಾನೂ ಬೈಕೂ ಎಡಕ್ಕೆ ಮಲಗಿದೆವು. ಮೊಣಕಾಲು ತರಚಿತು, ಗೇರ್ ಪೆಡಲ್ ಒಳಗೆ ಬಾಗಿತು. ಬೇವಿನ ಮರದ ಕೆಳಗೆ ಕೂತಿದ್ದ ಮುತ್ಯಾ ಎದ್ದು ಬಂದರು. ವಯಸ್ಸಿಡೀ ಖಣಿಯಲ್ಲಿ ಕಲ್ಲು ಒಡೆದವರು. ಮೊದಲು ನನಗೆ ನೀರು ಕುಡಿಸಿದರು. ಆಮೇಲೆ ಸುತ್ತಿಗೆಯಿಂದ ಅಲ್ಲಲ್ಲಿ ಕಲ್ಲು ಬಡಿದು ತೋರಿಸಿದರು. ಟಣ್ ಅಂದರೆ ಗಟ್ಟಿ. ಡಬ್ ಅಂದರೆ ಕೆಳಗೆ ಪದರ ಬಿಟ್ಟಿದೆ, ಅಲ್ಲಿ ಗಾಡಿ ಒಯ್ಯಬಾರದು. ಹಾಗೇ ಮಾತಾಡುತ್ತಾ ಪೆಡಲನ್ನು ಒಂದು ಕಲ್ಲಿಗೆ ಆನಿಸಿ ನಾಲ್ಕೇಟಿಗೆ ನೆಟ್ಟಗೆ ಮಾಡಿದರು.

"ನಿಮ್ಮ ಮನ್ಯಾಗ ನೆಲಕ್ಕ ಏನ್ ಹಾಕೀರಿ?" ಎಂದು ಕೇಳಿದರು.

"ಟೈಲ್ಸ್ ರೀ."

ಮುತ್ಯಾ ಸುತ್ತಿಗೆ ಹೆಗಲಿಗೇರಿಸಿಕೊಂಡು ನೆರಳಿನ ಕಡೆ ನಡೆದರು. "ಅದಕ್ಕೇ ಬಿದ್ದೀರಿ."