ಊರಲ್ಲೇ ಉಳಿದ ಜಡ್ಜ್

ಎಲ್ರಿಗೂ ನಮಸ್ಕಾರ. ಬೆಳಗ್ಗೆಯಿಂದ ಇಲ್ಲೇ ಕೂತು ಕೇಳ್ತಾ ಇದ್ದೀನಿ, ಮಾತಾಡಿದ ಹಿರಿಯರೆಲ್ಲ ಸುಪ್ರೀಂ ಕೋರ್ಟಿನ ತೀರ್ಪುಗಳನ್ನೇ ಹೇಳಿದ್ರು, ಸಂವಿಧಾನ ದಿನ ಅಂದ್ಮೇಲೆ ಸಂವಿಧಾನದ ಮೂಲ ರಚನೆಗೆ ಕೈ ಹಾಕೋ ಹಾಗಿಲ್ಲ ಅಂದ ಕೇಶವಾನಂದ ಭಾರತಿ ಕೇಸು ಬರ್ಲೇಬೇಕು, ಬಂತು. ನಂಗೆ ಮಾತ್ರ ತುಂಬಾ ವರ್ಷದಿಂದ ಒಂದು ವಿಷಯ ಕೊರೀತಾ ಇದೆ. ದೊಡ್ಡ ಕೋರ್ಟು ರಾಜಧಾನಿಯಲ್ಲಿ ಕೂತು ತೀರ್ಪು ಕೊಡುತ್ತೆ, ಆದ್ರೆ ಅದನ್ನ ಒಂದೂರಲ್ಲಿ ನಡೆಸಿ ತೋರಿಸ್ಬೇಕಾದವನು ಆ ಊರಲ್ಲೇ ಮನೆ ಮಾಡ್ಕೊಂಡಿರೋ ಜಡ್ಜ್. ಅವನ ಬಗ್ಗೆ ಯಾರೂ ಮಾತಾಡಲ್ಲ. ಅದಕ್ಕೇ ಇವತ್ತು ಫ್ರಾಂಕ್ ಜಾನ್ಸನ್ ಕಥೆ ತಂದಿದ್ದೀನಿ, ಅಮೆರಿಕದ ಅಲಬಾಮಾದ ಮಾಂಟ್ಗೊಮರಿಯಲ್ಲಿ ಫೆಡರಲ್, ಅಂದ್ರೆ ಕೇಂದ್ರದ, ಜಡ್ಜ್ ಆಗಿದ್ದವರು.

ನಮ್ಮಲ್ಲಿ ಕೋರ್ಟುಗಳೆಲ್ಲ ಒಂದೇ ಏಣಿ. ಅಲ್ಲಿ ರಾಜ್ಯದ ಕೋರ್ಟುಗಳೇ ಬೇರೆ, ಫೆಡರಲ್ ಕೋರ್ಟುಗಳೇ ಬೇರೆ, ಫೆಡರಲ್ ಜಡ್ಜ್‌ಗೆ ನಮ್ಮ ಹೈಕೋರ್ಟಿನ ಹಾಗೆ 62ಕ್ಕೆ ನಿವೃತ್ತಿ ಅಂತ ಇಲ್ಲ, ಜೀವಮಾನದ ನೇಮಕ. ನಮ್ಮಲ್ಲಿ ಕೆಳಗಿನ ಕೋರ್ಟಿನವರಿಗೆ ಕೆಲವು ವರ್ಷಕ್ಕೊಮ್ಮೆ ವರ್ಗಾವಣೆ ಆಗುತ್ತೆ, ಕಷ್ಟವೋ ಸುಖವೋ ಊರು ಬಿಡ್ತಾರೆ. ಜಾನ್ಸನ್‌ಗೆ ಅದಿಲ್ಲ. 1955ರಿಂದ 1979ರವರೆಗೆ, 24 ವರ್ಷ, ಅದೇ ಮಾಂಟ್ಗೊಮರಿ, ಅದೇ ಕೋರ್ಟು, ಬೈಯೋ ಜನಾನೂ ಅವ್ರೇ.

ಹುಟ್ಟಿದ್ದು 1918, ಅದೇ ಅಲಬಾಮಾದ ಉತ್ತರಕ್ಕಿರೋ ವಿನ್‌ಸ್ಟನ್ ಕೌಂಟಿಯಲ್ಲಿ. ಗುಡ್ಡಗಾಡು ಸೀಮೆ, ಗುಲಾಮರನ್ನ ಇಟ್ಕೊಂಡವರು ತೀರಾ ಕಮ್ಮಿ, 1861ರಲ್ಲಿ ಅಲಬಾಮಾ ದೇಶದಿಂದ ಬೇರೆ ಆಗ್ತೀನಿ ಅಂದಾಗ ನಾವು ಬರಲ್ಲ ಅಂದ ಮೊಂಡು ಜನ. ಆ ಮೊಂಡುತನ ಇವರಿಗೂ ಬಂದಿತ್ತು ಅಂತ ನಂಗನ್ಸುತ್ತೆ. ಎರಡನೇ ಮಹಾಯುದ್ಧದಲ್ಲಿ ಗಾಯ ಆಯ್ತು, ವಾಪಸ್ ಬಂದು ವಕೀಲಿಕೆ, ಆಮೇಲೆ ಸರ್ಕಾರಿ ಪ್ರಾಸಿಕ್ಯೂಟರ್, 1955ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಜಡ್ಜ್ ಮಾಡಿದ್ರು. ಆಗ ವಯಸ್ಸು ಬರೀ 37. ಕುರ್ಚಿ ಹತ್ತಿ ಕೆಲವೇ ವಾರ, ಡಿಸೆಂಬರ್ 1ಕ್ಕೆ ಅದೇ ಊರಿನ ಬಸ್ಸಲ್ಲಿ ರೋಸಾ ಪಾರ್ಕ್ಸ್ ಅನ್ನೋ ಕಪ್ಪು ಹೆಣ್ಣುಮಗಳು ಬಿಳಿಯರಿಗೆ ಸೀಟು ಬಿಟ್ಟುಕೊಡಲ್ಲ ಅಂದ್ರು. ಕಪ್ಪು ಜನ ಬಸ್ಸು ಹತ್ತೋದನ್ನೇ ಬಿಟ್ರು, ಮುಂದಿಂದು ನಿಮಗೆ ಗೊತ್ತು. ಆದ್ರೆ ಆ ಬಸ್ಸಿನ ಕೇಸು, ಬ್ರೌಡರ್ ವರ್ಸಸ್ ಗೇಲ್, ಮೂರು ಜಡ್ಜ್‌ಗಳ ಬೆಂಚಿಗೆ ಬಂತು, ಚರ್ಚೆಗೆ ಕೂತಾಗ ಪದ್ಧತಿ ಪ್ರಕಾರ ಕಿರಿಯರು ಮೊದಲು ಹೇಳ್ಬೇಕು. ಕಿರಿಯರು ಇವ್ರೇ. ಸರ್ಕಾರವೇ ಜನಾಂಗ ನೋಡಿ ಸೀಟು ಬೇರೆ ಮಾಡೋದು ಸಂವಿಧಾನಕ್ಕೆ ವಿರುದ್ಧ, ನಾನು ವಾದಿಗಳ ಕಡೆ, ಅಂದ್ರು. 1956ರ ಜೂನ್‌ನಲ್ಲಿ 2-1ರ ತೀರ್ಪು, ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡೀತು. ಅದೇ ವರ್ಷ ಹೆದರಿಸೋಕೆ ಅಂತ ಇವರ ಮನೆ ಅಂಗಳದಲ್ಲಿ ಶಿಲುಬೆ ಸುಟ್ರು.

ಈಗ ನಂಗೆ ತುಂಬಾ ಇಷ್ಟದ ಕಥೆ, ಸ್ವಲ್ಪ ಉದ್ದ ಆದ್ರೂ ಹೇಳ್ಬೇಕು. ಜಾರ್ಜ್ ವಾಲೇಸ್ ಅಂತ, ಆಮೇಲೆ ಗವರ್ನರ್ ಆಗಿ ಕಪ್ಪು-ಬಿಳಿ ಜನರ ಪ್ರತ್ಯೇಕತೆ ಇವತ್ತೂ ನಾಳೆಯೂ ಎಂದೆಂದಿಗೂ ಅಂತ ಕೂಗಿದವನು, ಅವನು ಲಾ ಕಾಲೇಜಲ್ಲಿ ಇವರ ಜೊತೆಗೆ ಓದಿದವನು. 1958ರ ಕೊನೆಗೆ ಅವನೂ ಜಡ್ಜೇ, ರಾಜ್ಯದ ಸರ್ಕ್ಯೂಟ್ ಜಡ್ಜ್. ಕಪ್ಪು ಜನರಿಗೆ ವೋಟು ಹೇಗೆ ತಪ್ಪಿಸ್ತಾರೆ ಅಂತ ನೋಡೋಕೆ ಕೇಂದ್ರದ ನಾಗರಿಕ ಹಕ್ಕುಗಳ ಆಯೋಗ ಮತದಾರರ ದಾಖಲೆ ಕೇಳ್ತು, ಕೊಡಲ್ಲ ಅಂದ. ಜಾನ್ಸನ್ ಕೊಡು ಅಂತ ಆರ್ಡರ್ ಮಾಡಿದ್ರು, ಕೊಡದಿದ್ರೆ ನ್ಯಾಯಾಂಗ ನಿಂದನೆ. ವಾಲೇಸ್ ಹೊರಗಡೆ ಹುಲಿ ಥರ ಗುಡುಗ್ತಾ ಇದ್ದ, ಆದ್ರೆ ಒಂದು ರಾತ್ರಿ ಹೊತ್ತು ಯಾರಿಗೂ ಗೊತ್ತಾಗದ ಹಾಗೆ ಹಳೇ ಗೆಳೆಯನ ಮನೆಗೆ ಬಂದ. ಜಾನ್ಸನ್ ಆಮೇಲೆ ಹೇಳ್ಕೊಂಡಿದ್ದು ಹೀಗೆ: ನಾಲ್ಕು ದಿನ ಜೈಲಾದ್ರೆ ನಂಗೆ ರಾಜಕೀಯವಾಗಿ ಒಳ್ಳೇದೇ, ಜಾಸ್ತಿ ಮಾತ್ರ ಹಾಕ್ಬೇಡ ಅನ್ನೋ ಥರ ಕೇಳ್ದ. ಜೈಲಿಂದ ಹಾರ ಹಾಕ್ಕೊಂಡು ಬಂದ್ರೆ ವೋಟು ಬೀಳುತ್ತೆ ಅನ್ನೋ ಲೆಕ್ಕ ನಮ್ಮ ಕಡೆನೂ ಹೊಸದಲ್ಲ ಬಿಡಿ! ಜಾನ್ಸನ್ ಜಗ್ಗಲಿಲ್ಲ, ದಾಖಲೆ ಕೊಡದಿದ್ರೆ ಎಷ್ಟು ಹಾಕೋಕೆ ಆಗುತ್ತೋ ಅಷ್ಟೂ ಹಾಕ್ತೀನಿ ಅಂದ್ರು. ವಾಲೇಸ್ ಏನ್ ಮಾಡ್ದ, ತರಾತುರಿಯಲ್ಲಿ ಗ್ರ್ಯಾಂಡ್ ಜ್ಯೂರಿ, ಅಂದ್ರೆ ಕೇಸು ಹಾಕ್ಬೇಕಾ ಅಂತ ನೋಡೋ ಸಾಮಾನ್ಯ ಜನರ ತಂಡ, ಕರೆಸಿ ಅವರ ಕೈಗೆ ದಾಖಲೆ ಕೊಟ್ಟ, ಅವರ ಕೈಯಿಂದ ಆಯೋಗಕ್ಕೆ ಹೋಯ್ತು. ಜನರ ಮುಂದೆ ನಾನು ಬಗ್ಗಲಿಲ್ಲ ಅಂದ್ಕೊಂಡು ಓಡಾಡ್ದ. ಜಾನ್ಸನ್ 1959ರ ಜನವರಿಯಲ್ಲಿ ಬರೆದ ಆದೇಶದಲ್ಲಿ ಇದನ್ನೆಲ್ಲ ಬಿಡಿಸಿಟ್ಟು, ಸುತ್ತುಬಳಸಿ ಆದ್ರೂ ಇವನು ಆರ್ಡರ್ ಪಾಲಿಸಿದ್ದಾನೆ, ನಿಂದನೆ ಆಗಿಲ್ಲ, ರಾಜಕೀಯದ ಸುಂಟರಗಾಳಿಗೆ ಈ ಕೋರ್ಟು ಬಾಗಲ್ಲ ಅಂತ ಮುಗಿಸಿದ್ರು. ಜೈಲೂ ಇಲ್ಲ, ಹಾರಾನೂ ಇಲ್ಲ. ಆ ಸಿಟ್ಟು ವಾಲೇಸ್‌ಗೆ ಎಷ್ಟು ವರ್ಷ ಇತ್ತು ಅಂದ್ರೆ ಚುನಾವಣಾ ಭಾಷಣಗಳಲ್ಲಿ ಇವರನ್ನ ಸುಳ್ಳುಗಾರ ಅಂತ ಬೈಕೊಂಡೇ ತಿರುಗಿದ. ಅದೇ ನಾನು ಹೇಳ್ತಿರೋದು, ಆ ಬೈಗುಳ ಕೇಳ್ಕೊಂಡು ಚಪ್ಪಾಳೆ ತಟ್ಟಿದವರು ಇವರ ಅಕ್ಕಪಕ್ಕದ ಮನೆಯವರು.

ಜಾನ್ಸನ್ ತಪ್ಪೇ ಮಾಡಲಿಲ್ಲ ಅಂತ ನಾನು ಹೇಳಲ್ಲ. ಟಸ್ಕೀಗಿ ಊರಿನ ಕಪ್ಪು ಮತದಾರರನ್ನ ಹೊರಗಿಡೋಕೆ ಊರಿನ ಗಡಿಯನ್ನ 28 ಮೂಲೆ ಬರೋ ಹಾಗೆ ಕತ್ತರಿಸಿದ್ದ ಕೇಸನ್ನ ಇವರು ವಜಾ ಮಾಡಿದ್ರು, 1960ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ತಿರುಗಿಸ್ತು.

ಸೆಲ್ಮಾ. ಅದೂ ಅಲಬಾಮಾದ ಊರೇ. 1965ರ ಮಾರ್ಚ್ 7ಕ್ಕೆ ವೋಟಿನ ಹಕ್ಕಿಗಾಗಿ ಅಲ್ಲಿಂದ ಮಾಂಟ್ಗೊಮರಿಗೆ ಮೆರವಣಿಗೆ ಹೊರಟವರನ್ನ ಸೇತುವೆ ಮೇಲೆ ಪೊಲೀಸರು ಹೊಡೆದ್ರು. ಜಾನ್ಸನ್ ಮೊದಲು ವಿಚಾರಣೆ ಮುಗಿಯೋವರೆಗೂ ಮೆರವಣಿಗೆ ಬೇಡ ಅಂತ ತಡೆದ್ರು, ಚಳವಳಿಯ ಮುಂದಾಳು ಮಾರ್ಟಿನ್ ಲೂಥರ್ ಕಿಂಗ್ ಕಡೆಯವರಿಗೆ ಬೇಜಾರೇ ಆಯ್ತು. ಕೋರ್ಟಲ್ಲಿ ಆ ದಿನದ ಫಿಲ್ಮ್ ಹಾಕಿ ನೋಡಿದ್ರು. 17ಕ್ಕೆ ಮೆರವಣಿಗೆಗೆ ಒಪ್ಪಿ ಆದೇಶ: ಅನ್ಯಾಯ ಎಷ್ಟು ದೊಡ್ಡದೋ ಪ್ರತಿಭಟಿಸೋ ಹಕ್ಕೂ ಅಷ್ಟು ದೊಡ್ಡದು. ವಿದ್ಯಾರ್ಥಿಗಳೇ, ಈ ಅಳತೆಯನ್ನ ಬರ್ಕೊಳ್ಳಿ. ಜೊತೆಗೆ ರಸ್ತೆ ಕಿರಿದಾದ ಕಡೆ 300 ಜನಕ್ಕಿಂತ ಜಾಸ್ತಿ ನಡೀಬಾರ್ದು ಅಂತ ಲೆಕ್ಕಾನೂ ಹಾಕಿಕೊಟ್ರು. ಊರಿನ ರಸ್ತೆ ಎಷ್ಟು ಅಗಲ ಅಂತ ಊರಲ್ಲಿರೋನಿಗೆ ಗೊತ್ತಿರುತ್ತೆ ನೋಡಿ.

ಚೀಟಿ ಬಂತು, ಐದೇ ನಿಮಿಷ ಅಂತೆ. ಹಾಗಾದ್ರೆ ಜೈಲುಗಳ ಕೇಸು, ಹೆಂಗಸರನ್ನ ಜ್ಯೂರಿಗೆ, ಅಂದ್ರೆ ಅಪರಾಧಿ ಹೌದೋ ಅಲ್ಲವೋ ಹೇಳೋ ಸಾಮಾನ್ಯ ಜನರ ತಂಡಕ್ಕೆ, ಸೇರಿಸಿದ 1966ರ ತೀರ್ಪು, ಇವೆಲ್ಲ ಬಿಡ್ತೀನಿ. ಬ್ರೈಸ್ ಮಾನಸಿಕ ಆಸ್ಪತ್ರೆ ಒಂದು ಮಾತ್ರ. ಒತ್ತಾಯದಿಂದ ಒಳಗಿಟ್ಟ ಮೇಲೆ ಚಿಕಿತ್ಸೆ ಕೊಡ್ಲೇಬೇಕು ಅಂತ 1971ರಲ್ಲಿ ಹೇಳಿದ್ರು, ಮುಂದಿನ ವರ್ಷ ಆದೇಶದಲ್ಲೇ 8 ಜನಕ್ಕೊಂದು ಕಕ್ಕಸು, 15 ಜನಕ್ಕೊಂದು ಸ್ನಾನದ ಜಾಗ, ಒಂದು ಕೋಣೆಲಿ 6 ಜನಕ್ಕಿಂತ ಜಾಸ್ತಿ ಬೇಡ ಅಂತ ಬರೆದ್ರು. ಜಡ್ಜ್ ಕೆಲಸವಾ ಇದು ಅಂತ ಕೇಳಿದವರಿದ್ದಾರೆ. ಕಕ್ಕಸಿಲ್ಲದೆ ಘನತೆ ಎಲ್ಲಿಂದ ಬರುತ್ತೆ ಸ್ವಾಮಿ?

1967ರಲ್ಲಿ ಇವರ ತಾಯಿ ಮನೆಗೆ ಬಾಂಬ್ ಇಟ್ರು. ಅಜ್ಜಿ ಒಳಗಿದ್ರು, ಪುಣ್ಯಕ್ಕೆ ಏನೂ ಆಗ್ಲಿಲ್ಲ.

ಕೊನೇದು. ಸೆಲ್ಮಾ ಮೆರವಣಿಗೆ ಮುಗಿದ ರಾತ್ರಿ ವಯೋಲಾ ಲಿಯುಝೋ ಅನ್ನೋ ಹೆಣ್ಣುಮಗಳನ್ನ, ಐದು ಮಕ್ಕಳ ತಾಯಿ, ಕಾರು ಓಡಿಸ್ತಿದ್ದಾಗಲೇ ಕು ಕ್ಲಕ್ಸ್ ಕ್ಲಾನ್ ಅನ್ನೋ ಬಿಳಿಯರ ದ್ವೇಷದ ಗುಂಪಿನವರು ಗುಂಡು ಹೊಡೆದು ಸಾಯಿಸಿದ್ರು. ರಾಜ್ಯದ ಕೋರ್ಟಲ್ಲಿ ಕೊಲೆ ಕೇಸು ಬಿದ್ಹೋಯ್ತು. ಡಿಸೆಂಬರ್‌ನಲ್ಲಿ ನಾಗರಿಕ ಹಕ್ಕಿನ ಕಾನೂನಿನಡಿ ಆ ಗುಂಪಿನ ಮೂವರು ಜಾನ್ಸನ್ ಮುಂದೆ ನಿಂತ್ರು. ಜ್ಯೂರಿಲಿ ಎಲ್ಲರೂ ಬಿಳಿಯರು, ಎಲ್ಲರೂ ಅಲಬಾಮಾದವರೇ. ನಮ್ಮಲ್ಲಿ ಒಮ್ಮತ ಬರ್ತಿಲ್ಲ ಅಂತ ಹೊರಗೆ ಬಂದ್ರು, ಜಾನ್ಸನ್ ಇನ್ನೊಮ್ಮೆ ಕೂತು ಯೋಚಿಸಿ ಅಂತ ವಾಪಸ್ ಕಳಿಸಿದ್ರು. ಅಪರಾಧಿಗಳು ಅಂತ ತೀರ್ಮಾನ ತಂದ್ರು. ಕಾನೂನಲ್ಲಿದ್ದ ಗರಿಷ್ಠ ಶಿಕ್ಷೆ, 10 ವರ್ಷ, ಕೊಟ್ರು. ಕೊಡೋಕೆ ಮುಂಚೆ ಆ 12 ಜನರ ಕಡೆ ತಿರುಗಿ, ನನ್ನ ಅಭಿಪ್ರಾಯಕ್ಕೆ ನಿಮ್ಮ ಹತ್ರ ಏನಾದ್ರೂ ಬೆಲೆ ಇದ್ರೆ, ನ್ಯಾಯವಾಗಿ ಯೋಚಿಸೋರು ಈ ಒಂದು ತೀರ್ಮಾನಕ್ಕಲ್ಲದೆ ಬೇರೆದಕ್ಕೆ ಬರೋಕೆ ಆಗ್ತಿರ್ಲಿಲ್ಲ ಅನ್ನೋ ಅರ್ಥದ ಮಾತು ಹೇಳಿದ್ರು. ಅವರೂ ಅವತ್ತು ಅದೇ ಊರುಗಳಿಗೆ ವಾಪಸ್ ಹೋಗ್ಬೇಕಿತ್ತು.