ಮೊದಲ ಬ್ಯಾಚ್ ಬಿಯರ್ ಬೇಡ, ಸೈಡರ್ ಮಾಡಿ

ಮನೆಯಲ್ಲೇ ಬಿಯರ್ ಮಾಡಬೇಕು ಅಂತ ಹೊರಟವರಿಗೆ ನಾನು ಹೇಳುವ ಮೊದಲ ಮಾತು, ಬಿಯರ್ ಮಾಡಬೇಡಿ. ಈಗಲೇ ಬೇಡ. ಮೊದಲು ಸೈಡರ್ ಮಾಡಿ, ಅಂದರೆ ಸೇಬಿನ ರಸ ಹುದುಗಿಸಿದ ಪಾನೀಯ.

ಕೇಳಿದವರ ಮುಖ ಸಪ್ಪಗಾಗುತ್ತದೆ. ಸೇಬಿನ ರಸಕ್ಕೆ ಯೀಸ್ಟ್, ಅಂದರೆ ಸಕ್ಕರೆ ತಿಂದು ಆಲ್ಕೋಹಾಲ್ ಮಾಡುವ ಸೂಕ್ಷ್ಮಜೀವಿ, ಹಾಕಿ ಕಾಯೋದರಲ್ಲಿ ಏನು ಮಜಾ ಇದೆ? ದೊಡ್ಡ ಪಾತ್ರೆ ಇಲ್ಲ, ಕುದಿಸೋದಿಲ್ಲ, ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನ ಘಮ ಮನೆಯೆಲ್ಲ ಹರಡೋದಿಲ್ಲ. ಫೋಟೊ ಹಾಕೋಕೂ ಏನೂ ಸಿಗೋದಿಲ್ಲ. ಎಲ್ಲ ನಿಜ. ಅದಕ್ಕೇ ಮಾಡಿ ಅನ್ನುತ್ತಿದ್ದೇನೆ.

ಬಿಯರ್ ಹೇಗೆ ಆಗುತ್ತದೆ ನೋಡಿ. ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿದರೆ ಅದು ಮಾಲ್ಟ್. ಆ ಮಾಲ್ಟನ್ನು ತರಿತರಿಯಾಗಿ ಒಡೆದು 65ರಿಂದ 68 ಡಿಗ್ರಿ ಸೆಲ್ಸಿಯಸ್ ಬಿಸಿ ನೀರಿನಲ್ಲಿ ಸುಮಾರು ಒಂದು ಗಂಟೆ ನೆನೆಸಬೇಕು. ಆಗ ಕಾಳಿನೊಳಗಿನ ಎನ್‌ಜೈಮ್‌ಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ನೀರು ಸ್ವಲ್ಪ ತಣ್ಣಗಿದ್ದರೆ ಬಿಯರ್ ತೆಳ್ಳಗೆ, ಒಣಒಣ ಆಗುತ್ತದೆ. ಸ್ವಲ್ಪ ಬಿಸಿ ಜಾಸ್ತಿಯಾದರೆ ಯೀಸ್ಟ್ ತಿನ್ನಲಾಗದ ಸಕ್ಕರೆ ಉಳಿದು ಮಂದವಾಗುತ್ತದೆ. ಆಮೇಲೆ ಸೋಸಬೇಕು. ಹಾಪ್ಸ್ ಹಾಕಿ ಇನ್ನೊಂದು ಗಂಟೆ ಕುದಿಸಬೇಕು. ಬೇಗ ತಣ್ಣಗೆ ಮಾಡಬೇಕು. ಇಷ್ಟೆಲ್ಲ ಆದ ಮೇಲೆ ಯೀಸ್ಟ್ ಹಾಕುವ ಸರದಿ.

ಕೆಲವು ವಾರ ಕಳೆದು ಬಾಟಲಿ ತೆಗೆಯುತ್ತೀರಿ. ಏನೋ ಸರಿಯಿಲ್ಲ. ಬೆಣ್ಣೆಯ ವಾಸನೆ ಬರುತ್ತಿದ್ದರೆ ಅದು ಡೈಅಸಿಟೈಲ್ ಅನ್ನುವ ರಾಸಾಯನಿಕ, ಯೀಸ್ಟ್ ಕೆಲಸ ಮುಗಿಸುವ ಮೊದಲೇ ನೀವು ಬಾಟಲಿಗೆ ತುಂಬಿಬಿಟ್ಟಿರಬಹುದು. ಬೇಯಿಸಿದ ಜೋಳದ ವಾಸನೆ ಇದ್ದರೆ ಕುದಿಸಿದ್ದು ಸಾಲದು. ಒದ್ದೆ ರಟ್ಟಿನ ರುಚಿ ಇದ್ದರೆ ಗಾಳಿ ತಾಗಿದೆ. ಇದೆಲ್ಲ ನಾಲಿಗೆ ಪಳಗಿದವರಿಗೆ ಗೊತ್ತಾಗುವ ವಿಷಯ. ಹೊಸಬರಿಗೆ ಗೊತ್ತಾಗೋದು ಒಂದೇ, ಚೆನ್ನಾಗಿಲ್ಲ ಅನ್ನೋದು. ಹತ್ತು ಹಂತಗಳಲ್ಲಿ ಯಾವುದು ಕೈಕೊಟ್ಟಿತು ಅಂತ ಹೇಗೆ ಹುಡುಕುತ್ತೀರಿ? ಹುಡುಕೋಕೆ ಆಗೋದಿಲ್ಲ. ಹಾಗಾಗಿ ಪಾಕವಿಧಾನವನ್ನು ಬೈದು ಇನ್ನೊಂದನ್ನು ಹಿಡಿಯುತ್ತಾರೆ.

ವೈನ್ ಕಥೆ ಬೇರೆ. ಅಲ್ಲಿ ಹಂತ ಕಡಿಮೆ, ಆದರೆ ಮುಕ್ಕಾಲು ಪಾಲು ತೀರ್ಮಾನ ತೋಟದಲ್ಲೇ ಆಗಿರುತ್ತದೆ. ವೈನಿಗೆ ಬೆಳೆಸುವ ದ್ರಾಕ್ಷಿಯ ಕಾಯಿ ಚಿಕ್ಕದು, ಸಿಪ್ಪೆ ದಪ್ಪ, ಸಕ್ಕರೆಯೂ ಹುಳಿಯೂ ಗಟ್ಟಿ. ಕೆಂಪು ವೈನಿನ ಬಣ್ಣ, ಒಗರು ಎಲ್ಲ ಬರುವುದು ಆ ಸಿಪ್ಪೆಯಿಂದ. ತಿನ್ನುವ ದ್ರಾಕ್ಷಿಯಿಂದ ವೈನ್ ಆಗೋದಿಲ್ಲ ಅಂತಲ್ಲ, ಆಗುತ್ತದೆ. ನೀರುನೀರಾಗಿ. ಅದಕ್ಕೆ ಸಕ್ಕರೆ ಸುರಿದು ಸಿಹಿ ಮಾಡಿ ಸಮಾಧಾನ ಪಟ್ಟುಕೊಳ್ಳುವವರು ಬಹಳ ಜನ. ಅದು ಅವರವರ ಇಷ್ಟ, ನಾನು ತಕರಾರು ಮಾಡೋದಿಲ್ಲ. ಆದರೆ ಒಳ್ಳೆಯ ಕೆಂಪು ವೈನ್ ಹದಕ್ಕೆ ಬರೋಕೆ ವರ್ಷ ಹಿಡಿಯಬಹುದು. ತಪ್ಪು ಗೊತ್ತಾಗೋಕೆ ಒಂದು ವರ್ಷ ಕಾದರೆ ಕಲಿಯೋದು ಯಾವಾಗ?

ಸೈಡರಿನಲ್ಲಿ ಸಕ್ಕರೆ ಆಗಲೇ ರಸದಲ್ಲಿದೆ. ನೆನೆಸೋದು, ಕುದಿಸೋದು ಯಾವುದೂ ಇಲ್ಲ. ಉಳಿಯುವುದು ಯೀಸ್ಟ್ ಒಂದೇ. ಈ ಹವ್ಯಾಸದಲ್ಲಿ ಕಲಿಯಬೇಕಾದದ್ದು ಅದನ್ನೇ. ಬಿಯರ್ ಮಾಡುವುದು ನಾವಲ್ಲ, ಯೀಸ್ಟ್. ನಾವು ಅದಕ್ಕೆ ಊಟ ಹಾಕಿ, ಜಾಗ ಕೊಟ್ಟು, ಸುಮ್ನೆ ಕೂರಬೇಕು.

ಈ ಸತ್ಯ ತಿಳಿಯೋಕೆ ಜಗತ್ತಿಗೆ ಬಹಳ ಕಾಲ ಹಿಡಿಯಿತು. 1516ರಲ್ಲಿ, ಈಗ ಜರ್ಮನಿಯಲ್ಲಿರುವ ಬವೇರಿಯಾದಲ್ಲಿ ಒಂದು ಕಾನೂನು ಬಂತು. ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಹಾಕಬಾರದು ಅಂತ. ಯೀಸ್ಟಿನ ಹೆಸರೇ ಇಲ್ಲ! ಲೂಯಿ ಪಾಶ್ಚರ್ ಹುದುಗುವಿಕೆಯ ಹಿಂದೆ ಜೀವಿಗಳ ಕೈವಾಡ ಇದೆ ಅಂತ ತೋರಿಸಿಕೊಟ್ಟಿದ್ದು 19ನೇ ಶತಮಾನದ ನಡುವಿನಲ್ಲಿ. ಆಮೇಲೆ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಒಂದು ಹೆಜ್ಜೆ ಮುಂದೆ ಹೋದ. ಬಿಯರ್ ಕೆಡೋಕೆ ಬ್ಯಾಕ್ಟೀರಿಯಾ ಮಾತ್ರ ಅಲ್ಲ, ಎಲ್ಲಿಂದಲೋ ಬಂದು ಸೇರಿದ ಕಾಡು ಯೀಸ್ಟ್ ಕೂಡ ಕಾರಣ ಅಂತ ಕಂಡುಹಿಡಿದ. ಒಂದೇ ಒಂದು ಜೀವಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿದ. 1883ರಲ್ಲಿ ಅದು ಕಾರ್ಖಾನೆಯ ಬಳಕೆಗೆ ಬಂತು. ನನಗೆ ಹಿಡಿಸುವ ಸಂಗತಿ ಅಂದರೆ, ಆ ಕಂಪನಿ ಅದನ್ನು ಗುಟ್ಟಾಗಿ ಇಟ್ಟುಕೊಳ್ಳಲಿಲ್ಲ. ಬೇರೆ ಬಿಯರ್ ತಯಾರಕರಿಗೂ ಹಂಚಿತು. ಇವತ್ತು ನೀವು ಹರಿದು ಸುರಿಯುವ ಯೀಸ್ಟ್ ಪೊಟ್ಟಣದ ಹಿಂದೆ ಆ ಕೆಲಸ ಇದೆ.

ಸರಿ, ಮಾಡೋದು ಹೇಗೆ? ರಸದ ಡಬ್ಬದ ಲೇಬಲ್ ಓದಿ. ಪೊಟ್ಯಾಸಿಯಂ ಸಾರ್ಬೇಟ್, ಅಂದರೆ 202, ಅಥವಾ ಸೋಡಿಯಂ ಬೆಂಜೊಯೇಟ್, ಅಂದರೆ 211 ಅಂತ ಇದ್ದರೆ ಅಲ್ಲೇ ಇಟ್ಟುಬಿಡಿ. ಅವು ಇರುವುದೇ ಯೀಸ್ಟ್ ಬೆಳೆಯದಂತೆ ತಡೆಯೋಕೆ. ವಿಟಮಿನ್ ಸಿ ಇದ್ದರೆ ತೊಂದರೆ ಇಲ್ಲ. ಪಾಶ್ಚರೀಕರಿಸಿದ ರಸವಾದರೆ ಮೊದಲ ಸಲಕ್ಕೆ ಇನ್ನೂ ಒಳ್ಳೆಯದು, ಯೀಸ್ಟಿಗೆ ಪೈಪೋಟಿ ಇರೋದಿಲ್ಲ.

ಜಾಡಿಯನ್ನು ಮೊದಲು ತೊಳೆಯಿರಿ. ಆಮೇಲೆ ಪಾತ್ರೆಗಳ ಸೂಕ್ಷ್ಮಜೀವಿ ಕೊಲ್ಲುವ ಸ್ಯಾನಿಟೈಸರಿನಲ್ಲಿ (ಕೈಗೆ ಹಚ್ಚುವುದಲ್ಲ) ಅದ್ದಿ. ಕೊಳೆ ಇದ್ದ ಕಡೆ ಸ್ಯಾನಿಟೈಸರ್ ಕೆಲಸ ಮಾಡೋದಿಲ್ಲ, ಹಾಗಾಗಿ ಎರಡೂ ಬೇಕು. ಬ್ಲೀಚ್ ಬಳಸಿ ಸರಿಯಾಗಿ ತೊಳೆಯದೆ ಬಿಟ್ಟರೆ ಆಸ್ಪತ್ರೆಯ ಔಷಧಿಯಂಥ ವಾಸನೆ ಬರುತ್ತದೆ, ಅದು ಮತ್ತೆ ಹೋಗೋದಿಲ್ಲ. ಈ ಹವ್ಯಾಸದ ಬಹುಪಾಲು ಪಾತ್ರೆ ತೊಳೆಯೋದು ಅಂತ ಯಾರೂ ಮೊದಲೇ ಹೇಳೋದಿಲ್ಲ. ನಾನು ಹೇಳುತ್ತಿದ್ದೇನೆ.

ರಸ ಸುರಿದು, ಯೀಸ್ಟ್ ಹಾಕಿ, ಏರ್‌ಲಾಕ್ ಇರುವ ಮುಚ್ಚಳ ಹಾಕಿ; ಅದು ಅನಿಲವನ್ನು ಹೊರಗೆ ಬಿಡುತ್ತದೆ, ಗಾಳಿಯನ್ನು ಒಳಗೆ ಬಿಡೋದಿಲ್ಲ. ಇನ್ನು ಉಷ್ಣತೆ. ಇಲ್ಲೇ ಜಾಸ್ತಿ ಜನ ಸೋಲುವುದು. ಹೆಚ್ಚಿನ ಸೈಡರ್ ಯೀಸ್ಟ್‌ಗಳಿಗೆ 15ರಿಂದ 20 ಡಿಗ್ರಿ ಹಿತ. ಯೀಸ್ಟ್ ತಿನ್ನುವಾಗ ತಾನೇ ಶಾಖ ಬಿಡುತ್ತದೆ, ಹಾಗಾಗಿ ಜಾಡಿಯ ಒಳಗೆ ಕೋಣೆಗಿಂತ ಕೆಲವು ಡಿಗ್ರಿ ಜಾಸ್ತಿ ಇರಬಹುದು. ಮಿತಿಮೀರಿ ಬಿಸಿಯಾದರೆ ನೇಲ್ ಪಾಲಿಶ್ ತೆಗೆಯುವ ದ್ರಾವಣದ ಘಾಟು ಬರುತ್ತದೆ. ಬಿಸಿ ಕೋಣೆಯಾದರೆ ಜಾಡಿಯನ್ನು ನೀರಿನ ಟಬ್ಬಿನಲ್ಲಿ ಕೂರಿಸಿ, ಒದ್ದೆ ಬಟ್ಟೆ ಸುತ್ತಿ, ದಿನಾ ಮಂಜುಗಟ್ಟಿದ ನೀರಿನ ಬಾಟಲಿಗಳನ್ನು ಬದಲಾಯಿಸುತ್ತಿರಿ. ನಾರ್ವೆಯ ಹಳ್ಳಿಗಳಿಂದ ಬಂದ ಕ್ವೈಕ್ ಅನ್ನುವ ಯೀಸ್ಟ್ ಕೂಡ ಇದೆ. ಅದು 30 ಡಿಗ್ರಿ ದಾಟಿದರೂ ರುಚಿ ಕೆಡಿಸದೆ ಕೆಲಸ ಮಾಡುತ್ತದೆ. ಸಾವಿರಾರು ಖರ್ಚು ಮಾಡಿ ಸ್ಟೀಲ್ ಪಾತ್ರೆ ಕೊಳ್ಳುವವರು ತಂಪಾದ ಜಾಗ ಹುಡುಕೋಕೆ ಮಾತ್ರ ಸೋಮಾರಿತನ ಮಾಡುತ್ತಾರೆ, ಇದು ನನಗೆ ಅರ್ಥವಾಗದ ವಿಷಯ.

ಒಂದೇ ಒಂದು ಉಪಕರಣಕ್ಕೆ ದುಡ್ಡು ಹಾಕಿ ಅಂದರೆ, ಹೈಡ್ರೋಮೀಟರ್. ರಸದಲ್ಲಿ ತೇಲಿಸಿದರೆ ನೀರಿಗೆ (ಅದರ ಅಂಕ 1.000) ಹೋಲಿಸಿ ಎಷ್ಟು ಸಾಂದ್ರ ಅಂತ ತೋರಿಸುವ ಗಾಜಿನ ಕಡ್ಡಿ. ಶುರುವಿನಲ್ಲಿ 1.050, ಕೊನೆಯಲ್ಲಿ 1.000 ಅಂದುಕೊಳ್ಳಿ. ಎರಡರ ವ್ಯತ್ಯಾಸವನ್ನು 131ರಿಂದ ಗುಣಿಸಿ, ಸುಮಾರು 6.5 ಶೇಕಡಾ ಆಲ್ಕೋಹಾಲ್. ಆದರೆ ಅದಕ್ಕಿಂತ ಮುಖ್ಯ ಕೆಲಸ ಅದು ಮಾಡುವುದು ಬಾಟಲಿ ತುಂಬುವ ಮೊದಲು. ಏರ್‌ಲಾಕಿನಲ್ಲಿ ಗುಳ್ಳೆ ನಿಂತಿತು, ಹಾಗಾಗಿ ಮುಗಿಯಿತು ಅನ್ನುವವರ ಮಾತು ನಂಬಬೇಡಿ. ಮುಚ್ಚಳ ಸಡಿಲ ಇದ್ದರೂ ಗುಳ್ಳೆ ನಿಲ್ಲುತ್ತದೆ. ಕೋಣೆ ಬಿಸಿಯಾದರೆ ಕೆಲಸ ಮುಗಿದ ಮೇಲೂ ಗುಳ್ಳೆ ಬರುತ್ತದೆ. ಎರಡು ಮೂರು ದಿನ ಬಿಟ್ಟು ನೋಡಿದಾಗಲೂ ಹೈಡ್ರೋಮೀಟರ್ ಅದೇ ಅಂಕ ತೋರಿಸಿದರೆ ಮಾತ್ರ ಮುಗಿದಂತೆ.

ಇದನ್ನು ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. ಬಾಟಲಿಯಲ್ಲಿ ನೊರೆ ಬರಲಿ ಅಂತ ಲೀಟರಿಗೆ 5ರಿಂದ 6 ಗ್ರಾಂ ಸಕ್ಕರೆ ಹಾಕುತ್ತೇವೆ. ರಸ 1.005ರಲ್ಲಿ ಇದ್ದಾಗಲೇ ಅವಸರ ಮಾಡಿ ತುಂಬಿದರೆ, ಒಳಗೆ ಲೀಟರಿಗೆ 10 ಗ್ರಾಂ ದಾಟುವಷ್ಟು ಸಕ್ಕರೆ ಇನ್ನೂ ಉಳಿದಿರುತ್ತದೆ. ಅದರ ಮೇಲೆ ನೀವು ಹಾಕಿದ್ದು. ಯೀಸ್ಟ್ ಅದನ್ನೆಲ್ಲ ತಿಂದು ಅನಿಲ ಬಿಟ್ಟರೆ ಒತ್ತಡ ಏರಿ ಗಾಜು ಸಿಡಿಯಬಹುದು. ಮೈಗೆ ಗಾಜು ಚುಚ್ಚಿಸಿಕೊಂಡವರಿದ್ದಾರೆ. ಒತ್ತಡ ತಡೆಯುವ ಬಾಟಲಿಯನ್ನೇ ಬಳಸಿ, ಜ್ಯಾಮ್ ಶೀಶೆಗಳಲ್ಲಿ ಈ ಆಟ ಬೇಡ.

ಕುಡಿದು ನೋಡಿದಾಗ ಒಂದು ಆಘಾತ ಕಾದಿರುತ್ತದೆ, ಸಿಹಿ ಇರೋದಿಲ್ಲ. ಯೀಸ್ಟ್ ಎಲ್ಲ ತಿಂದಿದೆ, ಇನ್ನೇನು ಉಳಿಯಬೇಕು? ಸಿಹಿ ಬೇಕಾದರೆ ಕುಡಿಯುವಾಗ ಲೋಟಕ್ಕೆ ಸ್ವಲ್ಪ ತಾಜಾ ರಸ ಬೆರೆಸಿ. ದಾಲ್ಚಿನ್ನಿ, ವೆನಿಲ್ಲಾ, ಜೇನು ಅಂತ ಜಾಡಿಗೆ ಸುರಿಯೋದು ಮಾತ್ರ ಮೊದಲ ಬ್ಯಾಚಿನಲ್ಲಿ ಬೇಡ. ದೋಷ ಮುಚ್ಚಿಹೋದರೆ ಏನು ಕಲಿತ ಹಾಗಾಯಿತು?

ಹಣ ಉಳಿಯುತ್ತದೆ ಅನ್ನುವ ವಾದಕ್ಕೆ ನಾನು ಉತ್ತರ ಕೊಡೋದಿಲ್ಲ. ಈ ಹವ್ಯಾಸ ಹಿಡಿದವರ ಮನೆಯ ಕಪಾಟು ನೋಡಿದರೆ ಸಾಕು.

ಭಯದ ಬಗ್ಗೆ ಒಂದು ಮಾತು. ಮನೆಯಲ್ಲಿ ಮಾಡಿದ್ದು ಕುಡಿದರೆ ಕಣ್ಣು ಹೋಗುತ್ತೆ ಅಂತ ಹೆದರಿಸುತ್ತಾರಲ್ವಾ? ಅದು ಮಿಥೆನಾಲ್ ಅನ್ನುವ ವಿಷಕಾರಿ ಆಲ್ಕೋಹಾಲಿನ ಭಯ. ಹಣ್ಣಿನ ಪೆಕ್ಟಿನ್‌ನಿಂದ ಸೈಡರಿನಲ್ಲಿ, ವೈನಿನಲ್ಲಿ ಮಿಥೆನಾಲ್ ತುಸು ಇರುತ್ತದೆ. ಅಷ್ಟರಿಂದ ವಿಷವಾಗೋದಿಲ್ಲ. ಆದರೆ ಅದನ್ನು ಭಟ್ಟಿ ಇಳಿಸುವ ಯೋಚನೆಗೆ ಮಾತ್ರ ಕೈ ಹಾಕಬೇಡಿ. ಉರಿ ಹತ್ತುವ ಆವಿ, ತೆರೆದ ಒಲೆ, ಮೇಲೆ ಬಹುತೇಕ ಕಡೆ ಅದು ಅಪರಾಧ. ಹುದುಗಿಸೋಕೂ ಎಲ್ಲ ಕಡೆ ಒಪ್ಪಿಗೆ ಇಲ್ಲ. ಅಮೆರಿಕದಲ್ಲೇ ಮದ್ಯ ನಿಷೇಧ ಮುಗಿದಿದ್ದು 1933ರಲ್ಲಿ, ಮನೆಯ ಬಿಯರಿಗೆ ಕೇಂದ್ರ ಸರ್ಕಾರ ಒಪ್ಪಿದ್ದು 1978ರಲ್ಲಿ, ಆಗಿನ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮೇಲೆ. ನೀವಿರುವ ಕಡೆಯ ನಿಯಮ ನೋಡಿಕೊಂಡೇ ಜಾಡಿ ಕೊಳ್ಳಿ. ಮೇಲೆ ಬೂಸ್ಟು ಕಟ್ಟಿದರೆ ಯೋಚನೆ ಮಾಡದೆ ಚೆಲ್ಲಿ.

ಮೊದಲ ಸೈಡರ್ ಕುಡಿಯುವ ಹಾಗಾದರೆ ಬಿಯರಿಗೆ ಜಿಗಿಯೋ ಆಸೆ ಬರುತ್ತದೆ. ಇನ್ನೊಂದು ಬ್ಯಾಚ್ ತಡೆಯಿರಿ. ಈ ಸಲ ಒಂದೇ ರಸವನ್ನು ಎರಡು ಜಾಡಿಗೆ ಹಂಚಿ, ಒಂದೇ ಯೀಸ್ಟ್ ಹಾಕಿ. ಒಂದನ್ನು 16 ಡಿಗ್ರಿಯ ಹತ್ತಿರ ಇಡಿ, ಇನ್ನೊಂದನ್ನು 25ರ ಹತ್ತಿರ. ಮೂರು ತಿಂಗಳ ನಂತರ ಎರಡನ್ನೂ ಪಕ್ಕಪಕ್ಕ ಇಟ್ಟು, ಯಾವುದು ಯಾವುದು ಅಂತ ಹೇಳದೆ ಗೆಳೆಯರ ಕೈಗೆ ಕೊಡಿ. ಒಂದೇ ರಸ ಅಂತ ಅವರು ನಂಬದೇ ಇದ್ದರೆ, ಮಾಲ್ಟ್ ಕೊಳ್ಳೋಕೆ ಹೋಗಿ.