ಲೋಳೆಸರದ ಹಳದಿ ಹಾಲು

ಮೊದಲು ಈ ಬಾಗಿಲು ನೋಡಿ. ನಮ್ಮ ಮನೆಯದೇ. ಮಾವಿನ ತೋರಣ, ಅದರ ಪಕ್ಕ ಒಣಗಿ ಕಪ್ಪಾದ ನಿಂಬೆಹಣ್ಣು, ಅದರ ಪಕ್ಕ ತಲೆಕೆಳಗಾಗಿ ನೇತಾಡುತ್ತಿದೆಯಲ್ಲ, ಅದೇ ಇವತ್ತಿನ ವಿಷಯ. ಲೋಳೆಸರ. ದೃಷ್ಟಿ ಆಗದಿರಲಿ ಅಂತ ಅಮ್ಮ ಬೇರಿಗೆ ದಾರ ಕಟ್ಟಿ ನೇತುಹಾಕಿ ಏಳು ತಿಂಗಳಾಯಿತು. ಮಣ್ಣಿಲ್ಲ, ಕುಂಡವಿಲ್ಲ, ಒಂದು ಹನಿ ನೀರು ಹಾಕಿದವರೂ ಇಲ್ಲ. ಆದರೂ ಇಲ್ಲಿ ನೋಡಿ, ನಡುವೆ ಹೊಸ ಎಲೆ ಬಂದಿದೆ. ಅದೂ ತಲೆಕೆಳಗಾಗಿ ಅಲ್ಲ, ಕತ್ತು ಬಾಗಿಸಿ ಮೇಲಕ್ಕೇ ಹೊರಟಿದೆ.

ಅಮ್ಮನ ಪ್ರಕಾರ ಇದು ದೃಷ್ಟಿ ತಡೆಯುವ ಶಕ್ತಿ. ನಾನು ಎಲೆ ಒತ್ತಿ ನೋಡಿದೆ. ಕಟ್ಟಿದಾಗ ಬೆರಳಿನಷ್ಟು ದಪ್ಪ ಇದ್ದ ಎಲೆಗಳು ಈಗ ಸೊರಗಿ ತೆಳ್ಳಗಾಗಿವೆ. ಹಳೇ ಎಲೆಯಲ್ಲಿ ಕೂಡಿಟ್ಟ ನೀರನ್ನೇ ಕುಡಿದು ಗಿಡ ಹೊಸ ಎಲೆ ಬಿಡುತ್ತಿದೆ. ಒಳಗಿನ ಲೋಳೆಯಲ್ಲಿ ನೂರಕ್ಕೆ 98 ಭಾಗಕ್ಕಿಂತ ಜಾಸ್ತಿ ನೀರೇ ಇರುತ್ತದೆ. ಇನ್ನೊಂದು ಗುಟ್ಟೂ ಇದೆ. ಹೆಚ್ಚಿನ ಗಿಡಗಳು ಹಗಲು ಹೊತ್ತು ಎಲೆಯ ಸಣ್ಣ ಸಣ್ಣ ರಂಧ್ರ ತೆರೆದು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಳ್ಳುತ್ತವೆ. ಆಗ ಅವುಗಳ ನೀರೂ ಆವಿಯಾಗಿ ಹೋಗುತ್ತದೆ. ಲೋಳೆಸರ ಹಾಗಲ್ಲ. ಹಗಲೆಲ್ಲ ಬಾಗಿಲು ಹಾಕಿಕೊಂಡು, ರಾತ್ರಿ ತಂಪಾದ ಮೇಲೆ ತೆರೆಯುತ್ತದೆ. ಎಳೆದುಕೊಂಡಿದ್ದನ್ನು ಹುಳಿಯಾಗಿ ಎಲೆಯೊಳಗೆ ಇಟ್ಟುಕೊಂಡು, ಬೆಳಗ್ಗೆ ಬಿಸಿಲು ಬಂದ ಮೇಲೆ ಅಡುಗೆ ಮಾಡಿಕೊಳ್ಳುತ್ತದೆ.

ಹಾಂ, ಇದನ್ನೇ ಹಿಡಿದುಕೊಂಡು ವಾಟ್ಸ್ಆ್ಯಪ್‌ನಲ್ಲಿ ಒಂದು ಮೆಸೇಜ್ ಓಡಾಡುತ್ತದೆ. ಲೋಳೆಸರ ಮಲಗುವ ಕೋಣೆಯಲ್ಲಿ ಇಟ್ಟರೆ ರಾತ್ರಿಯಿಡೀ ಆಮ್ಲಜನಕ ಕೊಡುತ್ತದೆ ಅಂತ. ಆಮ್ಲಜನಕ ಹುಟ್ಟಬೇಕಾದರೆ ಬೆಳಕು ಬೇಕು. ರಾತ್ರಿ ಅದು ಗಾಳಿ ಒಳಗೆ ಎಳೆದುಕೊಳ್ಳುತ್ತದೆ, ಅಷ್ಟೇ. ಚೆನ್ನಾಗಿ ಕಾಣುತ್ತದೆ ಅಂದರೆ ಇಟ್ಟುಕೊಳ್ಳಿ, ಬೇಡ ಅನ್ನಲ್ಲ.

ಈಗ ಅಡುಗೆಮನೆಗೆ ಬನ್ನಿ. ಇದು ಹಿತ್ತಲಿನ ಕುಂಡದಿಂದ ಕಿತ್ತ ಎಲೆ. ಬಾಗಿಲಿನದನ್ನು ಮುಟ್ಟಿದರೆ ಅಮ್ಮ ಸುಮ್ಮನಿರುವುದಿಲ್ಲ. ಬುಡದ ಹತ್ತಿರ ಕತ್ತರಿಸಿದ್ದೇನೆ. ಕ್ಯಾಮೆರಾ ಹತ್ತಿರ ತರುತ್ತೇನೆ, ಕತ್ತರಿಸಿದ ಜಾಗ ನೋಡಿ. ನಡುವೆ ಗಾಜಿನ ಹಾಗೆ ತಿಳಿಯಾಗಿ ಕಾಣುವುದು ಲೋಳೆ. ಸಿಪ್ಪೆಯ ಒಳಗಡೆ ಸುತ್ತಲೂ ಹಳದಿ ಚುಕ್ಕೆಗಳು ಏಳುತ್ತಿವೆಯಲ್ಲ? ಅವು ಒಂದಕ್ಕೊಂದು ಸೇರಿ, ಹನಿಯಾಗಿ, ಈಗ ತಟ್ಟೆಗೆ ಬೀಳುತ್ತವೆ. ಬಿತ್ತು. ಅರಿಶಿನದ ನೀರಿನ ಹಾಗಿದೆ ಅಲ್ವಾ? ಸ್ವಲ್ಪ ಹೊತ್ತು ಬಿಟ್ಟರೆ ಕಂದು ಬಣ್ಣಕ್ಕೆ ತಿರುಗುತ್ತದೆ. ನಮ್ಮ ಮನೆಯಲ್ಲಿ ಇದಕ್ಕೆ ಹಾಲು ಅನ್ನುತ್ತಾರೆ. ನಾಲಿಗೆಗೆ ಒಂದು ಚೂರು ತಾಗಿಸಿದರೆ ಸಾಕು, ಹಾಗಲಕಾಯಿಯೇ ವಾಸಿ ಅನ್ನಿಸುತ್ತದೆ. ಅಜ್ಜಿಯ ಕಾಲದಲ್ಲಿ ಮಕ್ಕಳಿಗೆ ಎದೆಹಾಲು ಬಿಡಿಸಬೇಕಾದರೆ ಇದನ್ನೇ ಹಚ್ಚಿಕೊಳ್ಳುತ್ತಿದ್ದರಂತೆ. ಒಂದೇ ಸಲಕ್ಕೆ ಮಗು ಮುಖ ಕಿವುಚಿ ದೂರ ಸರಿಯುತ್ತಿತ್ತಂತೆ.

ಅಂದರೆ ಒಂದೇ ಎಲೆಯಲ್ಲಿ ಎರಡು ಬೇರೆ ಬೇರೆ ವಸ್ತು ಇವೆ. ನಡುವಿನ ತಿಳಿ ಲೋಳೆ, ಸಿಪ್ಪೆಯಡಿಯ ಹಳದಿ ಹಾಲು. ಇದು ನನಗೆ ಗೊತ್ತಾಗಿದ್ದು ಪುಸ್ತಕ ಓದಿ ಅಲ್ಲ. ಎರಡು ವರ್ಷದ ಹಿಂದೆ ಯಾವುದೋ ವಿಡಿಯೋ ನೋಡಿ, ಬೆಳಗ್ಗೆ ಖಾಲಿ ಹೊಟ್ಟೆಗೆ ಲೋಳೆಸರದ ಜ್ಯೂಸ್ ಕುಡಿದರೆ ಮುಖ ಹೊಳೆಯುತ್ತದೆ ಅಂತ ನಂಬಿ, ಇಡೀ ಎಲೆಯನ್ನು ಸಿಪ್ಪೆ ಸಮೇತ ಮಿಕ್ಸಿಗೆ ಹಾಕಿ ರುಬ್ಬಿದೆ. ಕಹಿಗೆ ಎರಡು ಚಮಚ ಜೇನುತುಪ್ಪ. ಮೂಗು ಮುಚ್ಚಿಕೊಂಡು ಒಂದೇ ಗುಟುಕಿಗೆ ಇಳಿಸಿದೆ. ಸಂಜೆಯಿಂದ ಹೊಟ್ಟೆ ಹಿಂಡಲು ಶುರು. ರಾತ್ರಿಯೆಲ್ಲ ಬಾತ್‌ರೂಮಿಗೂ ಮಂಚಕ್ಕೂ ಓಡಾಟ. ಬೆಳಗ್ಗೆ ಮುಖ ಹೊಳೆಯಲಿಲ್ಲ, ಬಿಳಿಚಿಕೊಂಡಿತ್ತು. ಅಮ್ಮ ಕೇಳಿದ್ದು ಒಂದೇ ಮಾತು, “ಹಾಲು ಸೋರಿಸಿದ್ಯೇನೇ ಮೊದಲು?”

ಆಮೇಲೆ ಕುತೂಹಲಕ್ಕೆ ಓದಲು ಕೂತೆ. ತಮಾಷೆ ಏನು ಗೊತ್ತಾ? ಲೋಳೆಸರಕ್ಕೆ ಸಾವಿರಾರು ವರ್ಷಗಳ ಇತಿಹಾಸ ಅಂತ ಪ್ರತಿ ಬಾಟಲಿಯ ಮೇಲೂ ಬರೆದಿರುತ್ತಾರೆ. ಇತಿಹಾಸ ಇರುವುದು ನಿಜ. ಆದರೆ ಅದರಲ್ಲಿ ಜಾಸ್ತಿ ಪಾಲು ಈ ಹಳದಿ ಹಾಲಿನದು. ಬಾಟಲಿಯಲ್ಲಿ ತುಂಬಿ ಮಾರುವುದು ತಿಳಿ ಲೋಳೆ. ಒಂದರ ಹೆಸರಿನಲ್ಲಿ ಇನ್ನೊಂದರ ವ್ಯಾಪಾರ.

ಹಳೇ ಕಾಲದವರಿಗೆ ಇದು ಮುಖಕ್ಕೆ ಹಚ್ಚುವ ಗಿಡಕ್ಕಿಂತ ಹೆಚ್ಚಾಗಿ ಹೊಟ್ಟೆ ಖಾಲಿ ಮಾಡಿಸುವ ಗಿಡ. ಎಲೆ ಕತ್ತರಿಸಿ, ಹಾಲು ಸೋರಿಸಿ, ಕಾಯಿಸಿ ಗಟ್ಟಿ ಮಾಡಿದರೆ ಕಪ್ಪು ಗಾಜಿನ ಚೂರಿನಂಥ ಉಂಡೆ ಸಿಗುತ್ತದೆ. ಗ್ರಂಧಿಗೆ ಅಂಗಡಿಯಲ್ಲಿ ಕರಿಬೋಳ ಅಂತ ಕೇಳಿದರೆ ಕೊಡುವುದು ಅದನ್ನೇ. ಕೆಲವರು ಮುಸಬ್ಬರ ಅನ್ನುತ್ತಾರೆ. ಗಟ್ಟಿಯಾದ ಮೇಲೆ ಹಾಳಾಗುವುದಿಲ್ಲ, ಹಡಗಿನಲ್ಲಿ ತಿಂಗಳುಗಟ್ಟಲೆ ಸಾಗಿಸಬಹುದು. ತಿಳಿ ಲೋಳೆ ಹಾಗಲ್ಲ, ಎರಡು ದಿನ ಹೊರಗಿಟ್ಟರೆ ನಾರುತ್ತದೆ. ಫ್ರಿಜ್ ಇಲ್ಲದ ಕಾಲದಲ್ಲಿ ಜಗತ್ತು ಸುತ್ತಿದ್ದು ಯಾವುದು ಅಂತ ನೀವೇ ಯೋಚಿಸಿ.

ಈಜಿಪ್ಟಿನಲ್ಲಿ ಕ್ರಿಸ್ತಪೂರ್ವ 1550ರ ಆಸುಪಾಸಿನ ಒಂದು ಔಷಧಿ ಸುರುಳಿ ಇದೆ, ಎಬರ್ಸ್ ಪಪೈರಸ್ ಅಂತ. ಅದರ ಮದ್ದಿನ ಪಟ್ಟಿಯಲ್ಲಿ ಲೋಳೆಸರ ಇದೆ. ಕ್ಲಿಯೋಪಾತ್ರ ದಿನಾ ಇದನ್ನು ಹಚ್ಚಿಕೊಳ್ಳುತ್ತಿದ್ದಳು ಅನ್ನುವುದು ಮಾತ್ರ ಜಾಹೀರಾತಿನವರ ಕಥೆ. ಕ್ರಿಸ್ತಶಕ 1ನೇ ಶತಮಾನದ ಗ್ರೀಕ್ ವೈದ್ಯ ಡಯೋಸ್ಕೊರಿಡೀಸ್ ಇದರ ಬಗ್ಗೆ ವಿವರವಾಗಿ ಬರೆದಿದ್ದಾನೆ. ಇದು ಭಾರತದಲ್ಲಿ ಹೇರಳವಾಗಿ ಬೆಳೆಯುತ್ತದೆ, ಅಲ್ಲಿಂದ ಗಟ್ಟಿ ರಸ ಬರುತ್ತದೆ ಅನ್ನುತ್ತಾನೆ. ಕೆಲವರು ಇದಕ್ಕೆ ಅಂಟು ಬೆರೆಸಿ ಮಾರುತ್ತಾರೆ, ಕಹಿ ನೋಡಿ ಗುರುತು ಹಿಡಿಯಬೇಕು ಅಂತಲೂ ಎಚ್ಚರಿಸುತ್ತಾನೆ. ಕಲಬೆರಕೆ ಆಗಲೇ ಶುರುವಾಗಿತ್ತು ನೋಡಿ.

ಈ ವ್ಯಾಪಾರದಲ್ಲಿ ದೊಡ್ಡ ಹೆಸರು ಸೊಕೋತ್ರಾ ದ್ವೀಪದ್ದು. ಯೆಮನ್ ದೇಶಕ್ಕೆ ಸೇರಿದ್ದು, ಅರಬ್ಬಿ ಸಮುದ್ರದಲ್ಲಿದೆ. ಅಲ್ಲಿಯ ಗಿಡ ನಮ್ಮ ಹಿತ್ತಲಿನದಲ್ಲ, ಅದರ ದಾಯಾದಿ. ಲೋಳೆಸರದ ಕುಲದಲ್ಲಿ 500ಕ್ಕೂ ಜಾಸ್ತಿ ಜಾತಿಗಳಿವೆ. ಈ ಔಷಧಿಗಾಗಿಯೇ ಆ ದ್ವೀಪ ಹಿಡಿ ಅಂತ ಅರಿಸ್ಟಾಟಲ್ ತನ್ನ ಶಿಷ್ಯ ಅಲೆಕ್ಸಾಂಡರನಿಗೆ ಹೇಳಿದ ಅಂತ ಅರಬ್ ಲೇಖಕರು ಕಥೆ ಹೇಳುತ್ತಾರೆ. ಕಥೆ ಬಿಡಿ. ನನಗೆ ಹಿಡಿಸಿದ್ದು ಬೇರೆ. ಅಲ್ಲಿ ಹೋಕ್ ಅನ್ನುವ ಗುಹೆ ಇದೆ. ಅದರ ಕತ್ತಲಿನಲ್ಲಿ, ಗೋಡೆಯ ಮೇಲೆ, ಕಲ್ಲಿನ ಮೇಲೆ, ನಮ್ಮ ಬ್ರಾಹ್ಮಿ ಲಿಪಿಯಲ್ಲಿ ಹೆಸರುಗಳಿವೆ. ಸುಮಾರು ಒಂದೂವರೆ ಸಾವಿರ ವರ್ಷ ಅಥವಾ ಅದಕ್ಕೂ ಹಿಂದೆ, ಗುಜರಾತಿನ ಭರೂಚ್ ಕಡೆಯಿಂದ ಹೋದ ನಾವಿಕರು ಬರೆದಿಟ್ಟ ಹೆಸರುಗಳು. ಇವತ್ತು ನಾವು ಕೋಟೆಗೆ ಹೋದರೆ ಹೆಸರು ಗೀಚಿ ಬರುತ್ತೇವಲ್ಲ, ಹಾಗೆ. ಅವರು ಇದೇ ಕರಿಬೋಳ ತರಲು ಹೋಗಿದ್ದರೋ, ಧೂಪಕ್ಕೆ ಹೋಗಿದ್ದರೋ, ಗೋಡೆ ಹೇಳುವುದಿಲ್ಲ.

ನಮ್ಮ ಹಿತ್ತಲಿನ ಜಾತಿಯ ತವರು ಅರೇಬಿಯಾ ಅಂತ ಸಸ್ಯವಿಜ್ಞಾನಿಗಳು ಹೇಳುತ್ತಾರೆ. ಆಯುರ್ವೇದದಲ್ಲಿ ಇದು ಕುಮಾರಿ. ಲೋಳೆ ತುಪ್ಪದ ಹಾಗೆ ಜಾರುವುದರಿಂದ ಘೃತಕುಮಾರಿ ಅಂತಲೂ ಹೆಸರು. ಔಷಧಿ ಅಂಗಡಿಯಲ್ಲಿ ಇವತ್ತಿಗೂ ಸಿಗುವ ಕುಮಾರ್ಯಾಸವ ಇದರ ರಸದಿಂದಲೇ ಮಾಡಿದ್ದು. ರಾಜಸ್ಥಾನದ ಮಾರ್ವಾಡದ ಕಡೆ ಇದನ್ನು ಗ್ವಾರ್‌ಪಾಠಾ ಅಂತ ಕರೆದು ಪಲ್ಯ ಮಾಡುತ್ತಾರೆ. ಸಿಪ್ಪೆ ತೆಗೆದು, ಉಪ್ಪು ಅರಿಶಿನ ಹಾಕಿ ಬೇಯಿಸಿ, ಆ ನೀರು ಚೆಲ್ಲಿ, ಆಮೇಲೆ ಒಗ್ಗರಣೆ. ಕಹಿ ತೆಗೆಯದೆ ಬಾಯಿಗಿಡುವುದಿಲ್ಲ. ಅವರಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ, ಅಷ್ಟೇ.

ಇನ್ನು ಹೆಸರಿನ ಗೊಂದಲ. ಕ್ರೀಮಿನ ಡಬ್ಬಿಯ ಹಿಂದೆ ಒಮ್ಮೆ ಅಲೋ ವೆರಾ, ಒಮ್ಮೆ ಅಲೋ ಬಾರ್ಬಡೆನ್ಸಿಸ್ ಅಂತ ಇರುತ್ತದೆ. ಎರಡೂ ಒಂದೇ ಗಿಡ. 1768ರ ಏಪ್ರಿಲ್‌ನಲ್ಲಿ ಹಾಲೆಂಡಿನ ಸಸ್ಯವಿಜ್ಞಾನಿ ಬರ್ಮನ್ ಅಲೋ ವೆರಾ ಅನ್ನುವ ಹೆಸರು ಅಚ್ಚು ಹಾಕಿಸಿದ. ಸುಮಾರು ಹತ್ತೇ ದಿನದ ಮೇಲೆ ಇಂಗ್ಲೆಂಡಿನ ಫಿಲಿಪ್ ಮಿಲ್ಲರ್ ಇನ್ನೊಂದು ಹೆಸರು ಹಾಕಿಸಿದ. ಮೊದಲು ಬಂದವನ ಹೆಸರು ಗೆದ್ದಿತು. ಸೋತವನ ಹೆಸರಿನಲ್ಲಿರುವ ಬಾರ್ಬಡೋಸ್ ಕೆರಿಬಿಯನ್ ದ್ವೀಪ. ಅಲ್ಲಿ ಇದನ್ನು ಹೊಲದಲ್ಲಿ ಬೆಳೆದು, ಎಲೆಗಳನ್ನು ಇಳಿಜಾರು ತೊಟ್ಟಿಗೆ ಬುಡ ಕೆಳಗೆ ಮಾಡಿ ಜೋಡಿಸಿ, ಹಾಲು ಸೋರಿಸಿ, ತಾಮ್ರದ ಕೊಪ್ಪರಿಗೆಯಲ್ಲಿ ಕಾಯಿಸಿ, ಒಣಗಿದ ಸೋರೆ ಬುರುಡೆಗಳಲ್ಲಿ ತುಂಬಿ ಯುರೋಪಿಗೆ ಕಳಿಸುತ್ತಿದ್ದರು. ಕೆರಿಬಿಯನ್ನಿನದೇ ಇನ್ನೊಂದು ದ್ವೀಪ ಅರುಬಾದವರು ಇದನ್ನು ತಮ್ಮ ಲಾಂಛನದಲ್ಲೇ ಹಾಕಿಕೊಂಡಿದ್ದಾರೆ. ಅಲ್ಲಿಯೂ ಮಾರಿದ್ದು ಮಲಬದ್ಧತೆಯ ಮದ್ದೇ.

ಹಾಗಾದರೆ ತಿಳಿ ಲೋಳೆಗೆ ಈ ಪರಿ ಹೆಸರು ಬಂದಿದ್ದು ಯಾವಾಗ? ಎಲೆ ಒಡೆದು ಗಾಯಕ್ಕೆ ಹಚ್ಚುವುದು ಮನೆಮದ್ದಾಗಿ ಮೊದಲಿಂದಲೂ ಇತ್ತು. ಡಾಕ್ಟರುಗಳು ಗಮನಿಸಿದ್ದು 1935ರಲ್ಲಿ. ಎಕ್ಸ್‌ರೇ ಚಿಕಿತ್ಸೆಯಿಂದ ಕೆಲವರ ಚರ್ಮ ಸುಡುತ್ತಿದ್ದ ಕಾಲ ಅದು. ಅಮೆರಿಕದ ಕಾಲಿನ್ಸ್ ಅನ್ನುವ ತಂದೆ ಮಗ, ಹಾಗೆ ಸುಟ್ಟ ಚರ್ಮಕ್ಕೆ ಹಸಿ ಎಲೆ ಹಚ್ಚಿ ವಾಸಿಯಾಯಿತು ಅಂತ ವರದಿ ಮಾಡಿದರು. ಅಲ್ಲಿಂದ ಸಂಶೋಧನೆ ಶುರುವಾಯಿತು, ಕ್ರೀಮು, ಶಾಂಪೂ, ಜ್ಯೂಸ್ ಎಲ್ಲ ಹಿಂದೆಯೇ ಬಂದವು.

ಹಳದಿ ಹಾಲಿನ ಕಥೆ ಅಷ್ಟರಲ್ಲಿ ಉಲ್ಟಾ ಆಯಿತು. ಅದರಲ್ಲಿ ಇರುವುದು ಅಲೋಯಿನ್ ಅನ್ನುವ ಕಹಿ ವಸ್ತು. ದೊಡ್ಡ ಕರುಳನ್ನು ಕೆರಳಿಸಿ, ನೀರು ಹೀರಿಕೊಳ್ಳದ ಹಾಗೆ ಮಾಡಿ ಭೇದಿ ಮಾಡಿಸುತ್ತದೆ. 2002ರಲ್ಲಿ ಅಮೆರಿಕದ ಔಷಧಿ ಇಲಾಖೆ, ಚೀಟಿ ಇಲ್ಲದೆ ಕೊಳ್ಳುವ ಭೇದಿ ಮಾತ್ರೆಗಳಲ್ಲಿ ಇದನ್ನು ಹಾಕುವುದು ನಿಲ್ಲಿಸಿ ಅಂದಿತು. ಸುರಕ್ಷಿತ ಅಂತ ತೋರಿಸುವ ದಾಖಲೆಯನ್ನು ಕಂಪನಿಗಳು ಕೊಡಲಿಲ್ಲ. ಹಾಲು ತೆಗೆಯದ ಇಡೀ ಎಲೆಯ ರಸ ಕುಡಿಸಿದ ಇಲಿಗಳಿಗೆ ಕರುಳಿನಲ್ಲಿ ಗೆಡ್ಡೆ ಬಂದಿದ್ದರಿಂದ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಆ ರಸವನ್ನು ಅನುಮಾನದ ಪಟ್ಟಿಗೆ ಸೇರಿಸಿತು. ನಾನು ಮಿಕ್ಸಿಯಲ್ಲಿ ಮಾಡಿದ್ದು ಹೆಚ್ಚು ಕಡಿಮೆ ಅದೇ ರಸ. ಒಂದು ಲೋಟಕ್ಕೆ ಗೆಡ್ಡೆ ಏನೂ ಬರಲ್ಲ ಬಿಡಿ, ಇಲಿಗಳಿಗೆ ಎರಡು ವರ್ಷ ದಿನಾ ಕೊಟ್ಟಿದ್ದು. ಆದರೂ ಮತ್ತೆ ಮಿಕ್ಸಿಗೆ ಹಾಕುವ ಧೈರ್ಯ ಬಂದಿಲ್ಲ.

ನಾನು ಈಗ ಯಾವುದಕ್ಕೆ ಬಳಸುತ್ತೇನೆ? ಮುಖ್ಯವಾಗಿ ಒಗ್ಗರಣೆ ಸಿಡಿದಾಗ. ಮೊದಲು ಕೈಯನ್ನು ನಲ್ಲಿಯ ಕೆಳಗೆ ಹಿಡಿಯುವುದು, ಸುಮಾರು ಇಪ್ಪತ್ತು ನಿಮಿಷ. ಇದನ್ನು ಬಿಟ್ಟು ನೇರ ಲೋಳೆ ಮೆತ್ತಬೇಡಿ. ಆಮೇಲೆ ಚರ್ಮ ಕೆಂಪಗಾಗಿದ್ದರೆ, ಕಿತ್ತು ಬಂದಿಲ್ಲದಿದ್ದರೆ, ಹಾಲು ಸೋರಿಸಿದ ಲೋಳೆ ತೆಳುವಾಗಿ. ಇಂಥ ಸಣ್ಣ ಸುಟ್ಟಗಾಯ ಬೇಗ ಮಾಯುತ್ತದೆ ಅಂತ ಕೆಲವು ಅಧ್ಯಯನಗಳಿವೆ, ಚಿಕ್ಕವು, ಆದರೂ ಇವೆ. ಆಳದ ಗಾಯಕ್ಕೆ, ಹೊಲಿಗೆ ಹಾಕಿದ ಗಾಯಕ್ಕೆ ಹಚ್ಚುವುದಿಲ್ಲ. ಸಿಸೇರಿಯನ್ ಗಾಯ ಬಿಟ್ಟುಕೊಂಡಾಗ ಇದರ ಜೆಲ್ ಹಚ್ಚಿದವರಿಗೆ ಮಾಯಲು ಇನ್ನೂ ಜಾಸ್ತಿ ದಿನ ಹಿಡಿಯಿತು ಅಂತ 1991ರ ಒಂದು ಅಧ್ಯಯನ ಹೇಳಿತ್ತು. ಬಸುರಿಯರು, ಎದೆಹಾಲು ಕೊಡುವವರು, ಸಕ್ಕರೆ ಕಾಯಿಲೆಗೆ ಅಥವಾ ಹೃದಯಕ್ಕೆ ಮಾತ್ರೆ ನುಂಗುವವರು ಇದನ್ನು ಕುಡಿಯುವ ಮುಂಚೆ ಡಾಕ್ಟರನ್ನು ಕೇಳಿ. ಕೂದಲು ಉದ್ದ ಆಗುತ್ತಾ ಅಂತ ಕಾಮೆಂಟ್‌ನಲ್ಲಿ ಕೇಳುತ್ತೀರಿ, ಗೊತ್ತು. ನಾನು ಹಚ್ಚುತ್ತೇನೆ, ಕೂದಲು ಮೆತ್ತಗಾಗುತ್ತದೆ. ಉದ್ದ ಮೊದಲಿನಷ್ಟೇ ಇದೆ.

ಅಂಗಡಿಯ ಜೆಲ್ ಬಗ್ಗೆ ಒಂದು ಮಾತು. 2016ರಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆ ಅಮೆರಿಕದ ದೊಡ್ಡ ಅಂಗಡಿಗಳ ಕೆಲವು ಜೆಲ್‌ಗಳನ್ನು ಲ್ಯಾಬಿಗೆ ಕಳಿಸಿತ್ತು. ಲೋಳೆಸರ ಇದೆ ಅಂತ ಹೇಳಲು ಬೇಕಾದ ಗುರುತಿನ ವಸ್ತುಗಳು ಕೆಲವದರಲ್ಲಿ ಸಿಗಲೇ ಇಲ್ಲ, ಅಗ್ಗದ ಪಿಷ್ಟದ ಪುಡಿ ಸಿಕ್ಕಿತು. ಡಯೋಸ್ಕೊರಿಡೀಸ್ ನೆನಪಾದನಾ?

ನನ್ನ ಎಲೆ ಅಷ್ಟರಲ್ಲಿ ಲೋಟದಲ್ಲಿ ನಿಂತಿದೆ, ಕತ್ತರಿಸಿದ ಬುಡ ಕೆಳಗೆ ಮಾಡಿ. ಕಾಲು ಗಂಟೆಯಾಯಿತು. ಲೋಟದ ತಳ ನೋಡಿ, ಕಡು ಟೀ ಬಣ್ಣ. ಈಗ ಎಲೆ ತೊಳೆದು, ಎರಡೂ ಕಡೆ ಮುಳ್ಳಿನ ಅಂಚು ಸವರಿ, ಸಿಪ್ಪೆ ಹೆರೆದು, ಲೋಳೆಯನ್ನು ಇನ್ನೊಂದು ಸಲ ನೀರಲ್ಲಿ ತೊಳೆಯುತ್ತೇನೆ. ಜಾರುತ್ತದೆ, ಚಾಕು ಹುಷಾರು. ಮೊದಲ ಸಲ ಹಚ್ಚುವವರು ಮೊಣಕೈ ಒಳಭಾಗಕ್ಕೆ ಚೂರು ಹಚ್ಚಿ ಒಂದು ದಿನ ಕಾಯಿರಿ, ಕೆಲವರಿಗೆ ತುರಿಕೆ ಬರುತ್ತದೆ. ಇನ್ನೊಂದು, ಹೊಲದ ಬದುವಿನಲ್ಲಿ ಬೆಳೆಯುವ ಕತ್ತಾಳೆಯನ್ನು ಲೋಳೆಸರ ಅಂದುಕೊಂಡು ಕಿತ್ತು ತರಬೇಡಿ. ಅದು ಅಮೆರಿಕದಿಂದ ಬಂದ ಬೇರೆಯೇ ಗಿಡ, ಅದರ ರಸ ತಾಗಿದರೆ ಉರಿ.

ಹಿತ್ತಲಿನ ಕುಂಡದಲ್ಲಿ ಬುಡದ ಸುತ್ತ ನಾಲ್ಕು ಮರಿ ಎದ್ದಿವೆ. ಒಂದನ್ನು ಪಕ್ಕದ ಮನೆ ಆಂಟಿ ಕೇಳಿದ್ದಾರೆ, ಅವರಿಗೂ ಬಾಗಿಲಿಗೆ ಕಟ್ಟಲಿಕ್ಕಂತೆ. “ಮೇಲೆ ನೇತಾಡಿಸಿ, ಆದರೆ ಜ್ಯೂಸ್ ಮಾಡಬೇಡಿ ಆಂಟಿ” ಅಂದೆ. ನಕ್ಕರು. ನನ್ನ ಆ ರಾತ್ರಿಯ ಕಥೆ ಅಮ್ಮ ಆಗಲೇ ಬೀದಿಗೆಲ್ಲ ಹೇಳಿ ಮುಗಿಸಿದ್ದಾರೆ.